ಮರ ಮುಟ್ಟದ ತೊಟ್ಟಿಲು

ನಮ್ಮ ಮನೆತನದಲ್ಲಿ ಮೊದಲ ಮಗುವಿನ ತೊಟ್ಟಿಲು ತವರಿನಿಂದಲೇ ಹೋಗಬೇಕು, ಆದರೆ ಮಗು ಹುಟ್ಟುವ ಮುಂಚೆ ಅದನ್ನು ಮಾಡಿಸಬಾರದು. ಹನ್ನೊಂದನೇ ದಿನಕ್ಕೆ ನಾಮಕರಣ. ಅಷ್ಟರೊಳಗೆ ಮರ ಕೊಯ್ದು, ಕೆತ್ತಿ, ಜೋಡಿಸಿ, ಬಣ್ಣ ಬಳಿದು ಮುಗಿಸಬೇಕು. ಈ ನಿಯಮ ಮಾಡಿದವರು ಒಂದು ದಿನವೂ ಉಳಿ ಹಿಡಿದವರಲ್ಲ ಎಂದು ನಾನು ಆಗಾಗ ಗೊಣಗುತ್ತಿದ್ದೆ.

ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ, ಬಿಡಿಭಾಗ ತರಿಸಿ ನಾನೇ ಜೋಡಿಸಿಕೊಂಡ ಬಾಗಿಲಗಲದ ಸಿಎನ್‌ಸಿ ಯಂತ್ರವಿದೆ. ಕಂಪ್ಯೂಟರಿನಲ್ಲಿ ಬರೆದಿಟ್ಟ ಸಾಲುಗಳನ್ನು ಒಂದೊಂದಾಗಿ ಓದಿಕೊಂಡು ಅದು ಮರ ಕೆತ್ತುತ್ತದೆ. ಆ ಸಾಲುಗಳಿಗೆ ಜಿ-ಕೋಡ್ ಎನ್ನುತ್ತಾರೆ. ಇದು ಹೊಟ್ಟೆಪಾಡಿಗಲ್ಲ, ನನ್ನ ಹುಚ್ಚಿಗೆ. ಅಮ್ಮ ಅದನ್ನು ನನ್ನ ಎರಡನೇ ಹೆಂಡತಿ ಎನ್ನುತ್ತಿದ್ದಳು. ಮೊದಲನೆಯವಳು ಇನ್ನೂ ಬಂದಿರಲಿಲ್ಲ, ಅದು ಬೇರೆ ಮಾತು.

ಪಾವಗಡದ ಕಡೆ ವಳ್ಳೂರಿಗೆ ಕೊಟ್ಟಿದ್ದ ತಂಗಿ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಿಯಾಗಿ ಹೆರಿಗೆಗೆ ನಮ್ಮ ಮನೆಗೆ ಬಂದಳು. ಆ ಮಗುವಿಗಾಗಿ ಅವಳು ಹೊರದ ಹರಕೆಯಿಲ್ಲ. ತೊಟ್ಟಿಲನ್ನು ನಾನೇ ಕೆತ್ತಬೇಕೆಂದು ನನಗೆ ಆಸೆ.

ಮರ ಮುಟ್ಟಬಾರದು, ಸರಿ. ಪ್ರೋಗ್ರಾಂ ಬರೆದಿಟ್ಟರೆ ಯಾವ ಶಾಸ್ತ್ರ ಕೆಡುತ್ತದೆ? ತಲೆಕಡೆಯ ಹಲಗೆಗೆ ಗಿಳಿ, ಕಾಲುಕಡೆಗೆ ಹೂವು, ಎರಡು ಪಕ್ಕಗಳಿಗೆ ಬಳ್ಳಿ, ಹೀಗೆ ನಾಲ್ಕು ಫೈಲು ಮಾಡಿದೆ. ಸಿಗುವ ಸಮಯ ಕಡಿಮೆಯಾದ್ದರಿಂದ ನಾಲ್ಕೂ ಒಂದೇ ಓಟದಲ್ಲಿ ಮುಗಿಯಲೆಂದು ಅವನ್ನು ಒಂದಾಗಿ ಸೇರಿಸಲು ಕೂತೆ. ಸೇರಿಸುವುದೆಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುವುದಲ್ಲ. ಪ್ರತಿ ಫೈಲಿನ ಕೊನೆಯಲ್ಲೂ ‘ಮುಗಿಯಿತು, ನಿಲ್ಲು’ ಎಂಬ ಸಾಲಿರುತ್ತದೆ. ಅದನ್ನು ಅಳಿಸದಿದ್ದರೆ ಯಂತ್ರ ಗಿಳಿ ಕೆತ್ತಿ ಸುಮ್ಮನಾಗಿಬಿಡುತ್ತದೆ. ಪ್ರತಿಯೊಂದರ ಅಳತೆಯೂ ಸೊನ್ನೆಯಿಂದ ಶುರುವಾಗಿರುತ್ತದೆ, ಅದನ್ನು ಅದರದರ ಜಾಗಕ್ಕೆ ಸರಿಸಬೇಕು. ಒಂದು ಹಲಗೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಿಟ್, ಅಂದರೆ ಮರ ಕೊರೆಯುವ ಮೊನೆ, ಅದನ್ನು ಮೇಲೆತ್ತು ಎಂದು ಹೇಳಬೇಕು. ಮರೆತರೆ ಆಗಷ್ಟೇ ಕೆತ್ತಿದ ಗಿಳಿಯ ಕತ್ತಿನ ಮೇಲೇ ಗೀರೆಳೆದುಕೊಂಡು ಹೋಗುತ್ತದೆ.

ಕಾಫಿ ತಂದ ಅಮ್ಮ ಪರದೆಯ ಮೇಲಿನ ಚಿತ್ರ ನೋಡಿಬಿಟ್ಟಳು.

“ಲೇ, ಏನ್ಲಾ ಅದು? ತೊಟ್ಲಲ್ವಾ?”

“ಬರೀ ಲೆಕ್ಕ ಕಣಮ್ಮ. ಮರ ಮುಟ್ಟಿಲ್ಲ.”

“ಕೂಸು ಹುಟ್ಟಕ್ಕೆ ಮುಂಚೆ ಕುಲಾವಿ ಹೊಲಿಸ್ದಂಗಾಯ್ತು. ಮುಚ್ಚಿಡು ಅದ್ನ.”

ಮುಚ್ಚಿಟ್ಟೆ. ಅಳಿಸಲಿಲ್ಲ.

ಒಂಬತ್ತು ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ, ಮಗು ಮಿಸುಕುತ್ತಿಲ್ಲ ಎಂದಳು ತಂಗಿ. ತುಮಕೂರಿಗೆ ಕರೆದುಕೊಂಡು ಓಡಿದೆವು. ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು. ತಂಗಿಯ ಗಂಡ ಬಟ್ಟೆ ಸುತ್ತಿದ ಮಗುವನ್ನು ಎತ್ತಿಕೊಂಡು ಮುಂದೆ, ನಾನು ಗುದ್ದಲಿ ಹಿಡಿದು ಹಿಂದೆ. ಹೆಸರಿಡದ ಮಗುವಿಗೆ ನಮ್ಮಲ್ಲಿ ಕಲ್ಲಿಲ್ಲ, ತಿಥಿಯಿಲ್ಲ. ಮಣ್ಣು ಮುಚ್ಚಿ ಬಂದೆವು.

ಅಮ್ಮ ಶೀಟಿನ ಕೋಣೆಗೆ ಬೀಗ ಹಾಕಿದಳು. ನನಗೆ ಸಿಟ್ಟು ಬಂತು. ಕಂಪ್ಯೂಟರಿನ ನಾಲ್ಕು ಸಾಲಿಗೆ ಜೀವ ತೆಗೆಯುವ ಶಕ್ತಿ ಇದೆಯೇ ಎಂದು ಜಗಳಕ್ಕೆ ಹೋದರೆ, ಅವಳು ಸೆರಗನ್ನು ಬಾಯಿಗೆ ಅದುಮಿಕೊಂಡು ಒಲೆಯ ಮುಂದೆ ಕೂತಿದ್ದಳು. ಹೋದ ಹಾಗೆಯೇ ವಾಪಸ್ ಬಂದೆ.

ಮಗುವಿಲ್ಲದಿದ್ದರೂ ಬಾಣಂತನ ನಡೆಯಿತು. ಹಾಲು ಬತ್ತಲೆಂದು ತಂಗಿಯ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಸಾವಿನ ಮನೆಯಲ್ಲಿ ಮದುವೆ ಮನೆಯ ಘಮ. ಈಗಲೂ ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲಿಗೆ ಬುಟ್ಟಿ ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ.

ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ತಂಗಿ ತಾನೇ ಅಮ್ಮನಿಂದ ಬೀಗದ ಕೈ ಈಸಿಕೊಂಡು ನನ್ನ ಹತ್ತಿರ ಬಂದಳು.

“ಅದ್ನ ಒಂದ್ಸಲ ಓಡ್ಸಣ್ಣ. ನೀನ್ ಮಾಡಿಟ್ಟಿದ್ದು ನಂಗೊತ್ತು.”

“ಹಲ್ಗೇನೇ ತಂದಿಲ್ಲ ಕಣಮ್ಮ.”

“ಹಲ್ಗೆ ಬ್ಯಾಡ. ಇಂಗೇ ಓಡ್ಸು.”

ಹೊಸ ಪ್ರೋಗ್ರಾಮನ್ನು ಪರೀಕ್ಷೆಗೆಂದು ಹೀಗೆ ಗಾಳಿಯಲ್ಲಿ ಓಡಿಸುವುದುಂಟು. ಬಿಟ್ ಬಿಚ್ಚಿಟ್ಟು, ಯಂತ್ರವನ್ನು ಅದರ ಬರಿ ಮೇಜಿನ ಮೇಲೆ ಓಡಬಿಟ್ಟೆ. ಗಿಳಿ ಮುಗಿಯಿತು. ಯಂತ್ರ ಮೇಲೆದ್ದು, ಗಿಳಿಯ ಕೆಳಗೆ ಒಂದಿಷ್ಟು ಜಾಗ ಬಿಟ್ಟು, ಹೂವಿನ ಕಡೆಗೆ ಹೋಯಿತು.

“ಅಲ್ಲೇನೂ ಇಲ್ವಾ?”

“ಹೆಸ್ರಿಗೆ ಅಂತ ಬುಟ್ಟಿದ್ದೆ.”

ಅವಳು ಸ್ಟೂಲಿನ ಮೇಲೆ ಕೂತಳು. “ನಾನು ಇಟ್ಟಿದ್ದೆ ಕಣಣ್ಣ, ಹೊಟ್ಟೇಲಿದ್ದಾಗ್ಲೇ. ಅವ್ರಿಗೂ ಹೇಳಿರ್ಲಿಲ್ಲ.”

ನನ್ನ ಕಿವಿಯಲ್ಲಿ ಹೇಳಿದಳು. ಮೂರಕ್ಷರ. ಅದನ್ನು ಟೈಪು ಮಾಡಿ, ಜಿ-ಕೋಡ್ ಆಗಿಸಿ, ಅದರ ಕೊನೆಯ ‘ನಿಲ್ಲು’ ಅಳಿಸಿ, ಖಾಲಿ ಜಾಗಕ್ಕೆ ಸರಿಸಿ ಸೇರಿಸಿದೆ. ಕಣ್ಣು ಮಂಜಾಗಿ ಅಂಕಿ ತಪ್ಪಿತು, ಮತ್ತೆ ತಿದ್ದಿದೆ. ಮೊದಲಿನಿಂದ ಓಡಿಸಿದೆ.

ಗಿಳಿ ಆಯಿತು. ಯಂತ್ರ ಎದ್ದು, ಇಳಿದು, ಮೊದಲ ಅಕ್ಷರ ಬರೆಯತೊಡಗಿತು. ಮೇಜಿನ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ತಂಗಿ ಅದರ ಜೊತೆಜೊತೆಗೇ ಒಂದೊಂದೇ ಅಕ್ಷರ ಓದಿದಳು. ಮೂರನೆಯದು ಮುಗಿದ ಮೇಲೆ ಮೂರನ್ನೂ ಕೂಡಿಸಿ, ಅಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಒಮ್ಮೆ ಕರೆದಳು. ಆಮೇಲೆ ಆ ಹೆಸರು ಹಿಡಿದು ಅತ್ತಳು. ಅಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ, ಅವಳೂ ಮೊಮ್ಮಗಳ ಹೆಸರು ಹಿಡಿದು ಅತ್ತಳು.