ಐದರಲ್ಲೊಂದು ಪಾಲು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನೀಲಮ್ಮ ಅಕ್ಕೋರು ಯಾರನ್ನಾದರೂ ತಡೆದು ನಿಲ್ಲಿಸಿದರೆಂದರೆ ಅವರ ಬಸ್ಸು ತಪ್ಪಿತೆಂದೇ ಲೆಕ್ಕ. ಮೀಸೆ ಹಣ್ಣಾಗತೊಡಗಿದ ಗಂಡಸಿರಲಿ, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಣ್ಣುಮಗಳಿರಲಿ, ಒಮ್ಮೆ ಮುಖ ನೋಡಿ, "ಎರಡನೇ ಬೆಂಚು, ಕಿಡಕಿ ಕಡೆ, ಹೌದಲ್ಲ?" ಎಂದು ಗುರುತು ಹಿಡಿದುಬಿಡುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ನಿನಗ ನಾ ಒಂದು ತಪ್ಪು ಕಲಿಸೀನಿ. ಸ್ವಲ್ಪ ನಿಂದ್ರು, ತಿದ್ದಿ ಹೋಗ್ತೀನಿ," ಎನ್ನುವರು. ಹೆಗಲ ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಾಜಿನ ಲೋಟ ಹೊರಬರುತ್ತಿತ್ತು, ಅದರ ಹಿಂದೆಯೇ ಮೇಣಬತ್ತಿ. ಪಕ್ಕದಲ್ಲಿ ನಿಂತವರು ಇದೇನೋ ಮಾಟವೆಂದು ದೂರ ಸರಿದದ್ದೂ ಉಂಟು.

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ನಮಗೆ ಗಣಿತ, ವಿಜ್ಞಾನ ಎರಡನ್ನೂ ಕಲಿಸುತ್ತಿದ್ದರು. ತೆಳ್ಳಗಿನ ಮೈ, ಯಾವಾಗಲೂ ಸೀಮೆಸುಣ್ಣದ ಪುಡಿ ಮೆತ್ತಿದ ಸೆರಗು, ಹೊಡೆದರೆ ಅಂಗೈ ಸೀಳಿಹೋಗುವಂಥ ಬೆತ್ತ. ನಾನು ಸುಳ್ಳು ಹೇಳುವಾಗ ನನ್ನ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತವೆಂದು ಮೊದಲು ಕಂಡುಹಿಡಿದವರು ಅವರೇ. "ನಿನ್ನ ಬಾಯಿಕಿಂತ ನಿನ್ನ ಕೈ ಚಲೋ ಅದಾವು," ಎಂದು ನಗುತ್ತಿದ್ದರು.

ಅವರ ಹೆಮ್ಮೆಯ ಪ್ರಯೋಗವೆಂದರೆ ಮೇಣಬತ್ತಿಯದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣಬತ್ತಿ, ಅದರ ಮೇಲೆ ಬೋರಲು ಹಾಕಿದ ಲೋಟ. ಲೋಟದ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಐದು ಸಮ ಭಾಗ ಮಾಡಿ ಗೆರೆ ಎಳೆದಿರುತ್ತಿದ್ದರು. ದೀಪ ಆರಿ, ನೀರು ಸರ್ರನೆ ಒಳಗೇರಿ, ಸರಿಯಾಗಿ ಮೊದಲ ಗೆರೆಗೆ ಬಂದು ನಿಲ್ಲುತ್ತಿತ್ತು. "ಗಾಳಿಯೊಳಗ ಆಮ್ಲಜನಕ ಐದರಾಗ ಒಂದು ಪಾಲು. ಬೆಂಕಿ ಅದನ್ನ ತಿಂತು, ಆ ಜಾಗಾಕ್ಕ ನೀರು ಬಂತು. ನಾ ಹೇಳ್ತೀನಂತ ನಂಬಬ್ಯಾಡ್ರಿ, ಕಣ್ಣೀಲೆ ನೋಡ್ರಿ." ಅವತ್ತು ನಾನು ನೋಡಿದೆ. ಆಗುವುದಾದರೆ ಇಂಥ ಅಕ್ಕೋರ ಹಾಗೆ ಆಗಬೇಕು ಎಂದುಕೊಂಡೆ. ಆದೆ ಕೂಡ. ಕೊಣ್ಣೂರಿನಲ್ಲಿ ವಿಜ್ಞಾನ ಶಿಕ್ಷಕನಾಗಿ, ಅದೇ ಪ್ರಯೋಗವನ್ನು ಅದೇ ಮಾತಿನಲ್ಲಿ ವರ್ಷ ವರ್ಷ ಮಾಡಿ ತೋರಿಸಿದೆ.

ಆಮೇಲೆ ಒಂದು ಬೇಸಿಗೆಯಲ್ಲಿ ರೋಣದ ತರಬೇತಿಗೆ ಅಕ್ಕೋರು, ನಾನು ಇಬ್ಬರೂ ಹೋದೆವು. ರಜೆಯ ತರಬೇತಿ ಎಂದರೆ ಗಣಿತ-ವಿಜ್ಞಾನದ ಶಿಕ್ಷಕರೆಲ್ಲ ಮುಖ ಗಂಟಿಕ್ಕಿಕೊಂಡೇ ಬರುವವರು. ಫ್ಯಾನಿನ ಕೆಳಗಿನ ಕುರ್ಚಿಗೆ ಜಗಳ, ಉಪ್ಪಿಟ್ಟಿನ ಮೇಲೆ ದೂರು, ಊಟದ ಮೇಲೆ ತೂಕಡಿಕೆ. ಅಕ್ಕೋರು ಮಾತ್ರ ಮಜ್ಜಿಗೆಯ ಬಾಟಲಿ ಹಿಡಿದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು. "ವರ್ಷಪೂರ್ತಿ ನಾವ ಒದರ್ತೀವಿ. ಈಗರ ಯಾರರ ನಮಗ ಕಲಿಸಿದ್ರ ಏನಾತು?" ಎಂದು ನಮ್ಮನ್ನೇ ಗದರುತ್ತಿದ್ದರು.

ತರಬೇತಿ ಕೊಡಲು ಬಂದವನು ಕಡಿಮೆ ವಯಸ್ಸಿನ ಹುಡುಗ. ಫ್ಯಾನು ಬಂದ್ ಮಾಡಿಸಿ ಎಲ್ಲರಿಂದ ಶಾಪ ಹಾಕಿಸಿಕೊಂಡು, ಒಂದು ತಟ್ಟೆಯಲ್ಲಿ ಮೂರು ಮೇಣಬತ್ತಿ ಹಚ್ಚಿ ಲೋಟ ಮುಚ್ಚಿದ. ನೀರು ಹೆಚ್ಚುಕಡಿಮೆ ಅರ್ಧ ಲೋಟಕ್ಕೇರಿತು. "ಮೂರು ಹಚ್ಚಿದರ ಲೋಟದಾಗಿನ ಆಮ್ಲಜನಕ ಹೆಚ್ಚಾಗ್ತದೇನ್ರಿ?" ಎಂದು ಕೇಳಿದ. ನಾವು ಮುಖ ಮುಖ ನೋಡಿಕೊಂಡೆವು. ಅವನೇ ಬಿಡಿಸಿ ಹೇಳಿದ. ಉರಿಯ ಕಾವಿಗೆ ಲೋಟದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತದೆ. ದೀಪ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿ ನೀರನ್ನು ಒಳಗೆ ನೂಕುತ್ತದೆ. ನೀರೇರಿದ್ದಕ್ಕೂ ಐದರಲ್ಲೊಂದು ಪಾಲಿಗೂ ಸಂಬಂಧವಿಲ್ಲ.

ಎಲ್ಲರೂ ಬರೆದುಕೊಂಡು ಆಕಳಿಸಿದರು. ಅಕ್ಕೋರು ಎದ್ದು ನಿಂತರು.

"ಸರ್, ನೀರು ಅರ್ಧಕ್ಕ ಏರಿದ್ದನ್ನ ನಾ ಎಷ್ಟೋ ಸಲ ನೋಡೀನಿ. ಕೈ ತಪ್ಪೇತಿ ಅಂತ ಚೆಲ್ಲಿ, ಗೆರಿಗೆ ಬರೂತನಕ ಮತ್ತ ಮತ್ತ ಮಾಡೀನಿ. ಲೋಟ ಎಷ್ಟು ಹೊತ್ತು ಉರಿ ಮ್ಯಾಲೆ ಹಿಡಿದು ಮುಚ್ಚಬೇಕು ಅನ್ನೂದು ಕೈಗೆ ರೂಢಿ ಆಗಿಬಿಟ್ಟೈತ್ರಿ."

ಸಭೆ ಗೊಳ್ಳೆಂದಿತು. ನಾನೂ ನಕ್ಕೆ. ಅದೇ ರೂಢಿ ನನ್ನ ಕೈಗೂ ಇತ್ತು. ನಾನು ಏಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತೆ. ಸಮಾಧಾನ ಹೇಳಲು, "ಪುಸ್ತಕದಾಗ ಹಂಗ ಇತ್ತಲ್ರಿ ಅಕ್ಕೋರ, ನಿಮ್ಮದೇನ ತಪ್ಪು?" ಎಂದೆ.

"ಪುಸ್ತಕದ್ದು ಬಿಡು. ಕಣ್ಣೀಲೆ ನೋಡ್ರಿ ಅಂತ ಮಕ್ಕಳಿಗೆ ಹೇಳಿದೆ. ನನ್ನ ಕಣ್ಣಿಗೆ ಕಂಡದ್ದನ್ನ ಮಾತ್ರ ಬಚ್ಚಲಕ್ಕ ಚೆಲ್ಲಿದೆ. ಅದು ಚುಚ್ತೈತಿ ನೋಡು." ನನ್ನ ಕಡೆ ತಿರುಗಿ ಅಂದರು, "ನನ್ನ ಹುಡುಗರಿಗೆ ನಾ ಹೇಳ್ತೀನಿ. ಕೊಣ್ಣೂರಾಗ ನೀ ಕಲಿಸಿದವರಿಗೆ ನೀ ಹೇಳಬೇಕು."

"ಆತ್ರಿ," ಎಂದೆ.

ಅವರು ಖರೇನೇ ಹೊರಟರು. ಮದುವೆ, ಸಂತೆ, ದವಾಖಾನೆ, ಎಲ್ಲಿ ಹಳೆಯ ವಿದ್ಯಾರ್ಥಿ ಸಿಕ್ಕರೂ ಲೋಟ ತೆಗೆಯುವುದೇ. ಒಮ್ಮೆ ನಾನೂ ಜೊತೆಗಿದ್ದೆ. ಗಜೇಂದ್ರಗಡದಲ್ಲಿ ಸೀರೆ ನೇಯುವ ಅವರ ಹಳೆಯ ಶಿಷ್ಯನೊಬ್ಬ ಮಗ್ಗ ನಿಲ್ಲಿಸಿ ಎಲ್ಲವನ್ನೂ ಕೇಳಿದ. ಆಮೇಲೆ, "ಅಕ್ಕೋರ, ನನಗ ಆ ಮೇಣಬತ್ತಿನ ನೆನಪಿಲ್ರಿ. ನೀವು ಹೊಡೆದದ್ದಷ್ಟ ನೆನಪೈತಿ," ಎಂದ. ನಾನು ನಗು ತಡೆಯಲಾರದೆ ಹೊರಗೆ ನೋಡಿದೆ. ಅಕ್ಕೋರು ಅವನನ್ನು ಬಿಡಲಿಲ್ಲ.

"ಗಿರಾಕಿ ಕಣ್ಣಿಗೆ ಬೀಳದಂಗ ಎಳಿ ತಪ್ಪಿದ್ರ ಏನ ಮಾಡ್ತಿ?"

"ಬಿಚ್ಚಿ ಮತ್ತ ನೇಯ್ತೀನ್ರಿ."

"ಮತ್ತ ಸುಮ್ನ ಕೇಳು," ಎಂದು ಇನ್ನೊಮ್ಮೆ ಮೇಣಬತ್ತಿ ಹಚ್ಚಿದರು.

ನಾನು ಕೊಣ್ಣೂರಿನಲ್ಲಿ ಯಾರಿಗೂ ಹೇಳಲಿಲ್ಲ. ಹೊಸ ಮಕ್ಕಳಿಗೆ ಸರಿಯಾದದ್ದನ್ನೇ ಕಲಿಸಿದೆ, ಅದರಲ್ಲಿ ಸುಳ್ಳಿಲ್ಲ. ಹಳಬರ ಮನೆಗೆ ಹೋಗಿ ನಾನು ತಪ್ಪಿದ್ದೆ ಎನ್ನಲು ಕಾಲು ಏಳಲಿಲ್ಲ. ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಚಹಾದಂಗಡಿಯಲ್ಲಿ ನಾನು ಬಂದರೆ ಹಳೆಯ ವಿದ್ಯಾರ್ಥಿಗಳು ಎದ್ದು ಜಾಗ ಕೊಡುತ್ತಿದ್ದರು. ಆ ಜಾಗ ನನಗೆ ಬೇಕಾಗಿತ್ತು. ಅಕ್ಕೋರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು, ನಾನು ಪರೀಕ್ಷೆ, ಗಣತಿ, ಚುನಾವಣೆ ಕೆಲಸ ಎಂದು ಏನಾದರೂ ನೆಪ ತೆಗೆಯುತ್ತಿದ್ದೆ.

ನಿವೃತ್ತರಾದ ಮೇಲೆ ಅವರಿಗೆ ಉಸಿರಿನ ತೊಂದರೆ ಶುರುವಾಯಿತು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲೇ ದಿಂಬಿಗೊರಗಿ ಕೂತಿದ್ದರು. ತಿನ್ನಲು ಗಿರಮಿಟ್ಟು ತರಿಸಿ ಕೊಟ್ಟರು. ನಾನು ಹೊರಡಲು ಎದ್ದು ನಿಂತಾಗ, "ಕೊಣ್ಣೂರಿನ ಹುಡುಗರಿಗೆ ಹೇಳಿದೇನು?" ಎಂದು ಕೇಳಿದರು.

"ಎಲ್ಲಾರಿಗೂ ಹೇಳೀನ್ರಿ ಅಕ್ಕೋರ."

ಅವರು ನನ್ನ ಮುಖ ನೋಡಲಿಲ್ಲ. ನನ್ನ ಭುಜ, ಮೊಣಕೈ ನೋಡಿದರು. "ಚಲೋ ಆತು ಬಿಡು," ಎಂದರು. ಆ ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಈ ಬೇಸಿಗೆ ರೋಣದ ಅದೇ ಹಾಲಿನಲ್ಲಿ ತರಬೇತಿ ಕೊಡುವ ಸರದಿ ನನ್ನದಾಯಿತು. ಫ್ಯಾನು ಬಂದ್ ಮಾಡಿಸಿದೆ, ಶಾಪ ಹಾಕಿಸಿಕೊಂಡೆ, ಮೂರು ಮೇಣಬತ್ತಿ ಹಚ್ಚಿದೆ. ನೀರು ಏರಿ ನಿಂತ ಮೇಲೆ, ಯಾಕೆ ಹೀಗಾಯಿತೆಂದು ಕೇಳಿದೆ. ಹಿಂದಿನ ಸಾಲಿನಿಂದ ಹೊಸದಾಗಿ ನೇಮಕವಾದ ಹುಡುಗಿಯೊಬ್ಬಳು ಎದ್ದು ಗಾಳಿ ಹಿಗ್ಗಿದ್ದು, ತಣಿದು ಕುಗ್ಗಿದ್ದು, ಎಲ್ಲವನ್ನೂ ಒಂದೂ ತಡವರಿಸದೆ ಹೇಳಿದಳು. ಕೊಣ್ಣೂರಿನ ಸವಿತಾ. ನನ್ನ ಹಳೆಯ ವಿದ್ಯಾರ್ಥಿನಿ. ಇವಳಿಗೆ ನಾನು ಐದರಲ್ಲೊಂದು ಪಾಲನ್ನೇ ಕಲಿಸಿದ್ದೆ.

ಚಹಾದ ಹೊತ್ತಿಗೆ ಅವಳನ್ನು ಮೇಜಿನ ಹತ್ತಿರ ಕರೆದು ಕೇಳಿದೆ. "ಅದನ್ನ ಯಾವ ಕಾಲೇಜಿನಾಗ ಕಲಿತೆವ್ವಾ?"

"ಕಾಲೇಜಿನಾಗ ಅಲ್ರಿ ಸರ್. ನಾ ಬಿಎಸ್ಸಿ ಓದುವಾಗ ಗಜೇಂದ್ರಗಡದ ನೀಲಮ್ಮ ಅಕ್ಕೋರು ನಮ್ಮ ಊರಿಗೆ ಬಂದಿದ್ರು. ಹೊಳಿ ಏರಿ, ಸೇತುವಿ ಮ್ಯಾಲೆ ನೀರು ಬಂದು, ಬಸ್ ಬಂದಾದುವು. ನಮ್ಮ ಮನ್ಯಾಗ ಉಳಕೊಂಡು, ನಿಮ್ಮ ಕೈಯಾಗ ಕಲಿತವ್ರನ್ನೆಲ್ಲಾ ಕರಸಿ ಮಾಡಿ ತೋರಿಸಿದ್ರು."

ಸವಿತಾ ಬಿಎಸ್ಸಿ ಓದಿ ಎಷ್ಟೋ ವರ್ಷವಾಯಿತು. ಹಾಸಿಗೆಯಲ್ಲಿ ಕೂತು ನನ್ನನ್ನು ಕೇಳಿದಾಗ ಅಕ್ಕೋರಿಗೆ ಎಲ್ಲ ಗೊತ್ತಿತ್ತು.

"ನನಗ್ಯಾಕ ಹೇಳಲಿಲ್ಲ ನೀವೆಲ್ಲಾ?"

ಸವಿತಾ ತಲೆ ತಗ್ಗಿಸಿದಳು. "ಅಕ್ಕೋರ ಬ್ಯಾಡ ಅಂದಿದ್ರು ರೀ. 'ನಿಮ್ಮ ಸರ್‌ಗ ಕಲಿಸಿದಾಕಿ ನಾ. ಅವ ತಪ್ಪು ಹೇಳಿಲ್ಲ, ನಾ ಹೇಳಿದ್ದನ್ನ ಹೇಳ್ಯಾನ. ಅವನ ಮುಂದ ಇದನ್ನ ತಗೀಬ್ಯಾಡ್ರಿ, ನಾಚಿಗಿ ಪಡ್ತಾನ,' ಅಂದ್ರು. ಅದಕ್ಕ ನಾವು ಯಾರೂ ಮಾತಾಡ್ಲಿಲ್ರಿ."

ಚಹಾದಂಗಡಿಯಲ್ಲಿ ಎದ್ದು ಜಾಗ ಕೊಡುತ್ತಿದ್ದವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತಿದ್ದರು, ಅಕ್ಕೋರಿಗೆ ಕೊಟ್ಟ ಮಾತಿಗಾಗಿ.

"ಈಗ ಅಕ್ಕೋರು ಹ್ಯಾಂಗದಾರ್ರಿ ಸರ್? ಆರಾಮ ಅದಾರೇನ್ರಿ?" ಎಂದಳು ಸವಿತಾ.

ನನ್ನ ಕೈಗಳು ಬೆನ್ನ ಹಿಂದೆ ಹೋಗಿದ್ದವು. ಅವನ್ನು ಮುಂದಕ್ಕೆ ತಂದು ಮೇಜಿನ ಮೇಲೆ, ಲೋಟದ ಪಕ್ಕದಲ್ಲಿ ಇಟ್ಟೆ.

"ಇಲ್ಲವ್ವಾ. ತೀರಿಕೊಂಡ್ರು. ಸಾಯೂ ಮುಂಚೆ ನನಗ ಒಂದು ಮಾತು ಕೇಳಿದ್ರು, ನಾ ಸುಳ್ಳ ಹೇಳಿದೆ."