ಸೋಮವಾರ ಹಚ್ಚಿದ ರವದಿ

ಕರಜಗಿಯ ನಮ್ಮ ಹೊಲಕ್ಕೆ ಬೆಂಕಿ ಬಿದ್ದದ್ದು ಕರೆಂಟಿನ ತಂತಿಯಿಂದ ಎಂದು ಊರೆಲ್ಲ ನಂಬಿತ್ತು. ನನ್ನ ಅಣ್ಣನೂ ಹಾಗೇ ನಂಬಿದ್ದ. ಹಚ್ಚಿದವಳು ನಾನು. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒಂದು ವರ್ಷಕ್ಕೂ ಮೇಲೆ ಅವನ ಮನೆಯಲ್ಲೇ ಉಂಡೆ, ಅವನ ಜಗಲಿಯ ಮೇಲೆ ಮಲಗಿದೆ.

ನಾನು ನಾಲ್ಕನೇ ಇಯತ್ತೆ ತನಕ ಕಲಿತವಳು. ಬರೆದು ರೂಢಿಯಿಲ್ಲ. ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಯಾರೂ ಕೇಳುವ ಮೊದಲೇ ಅಣ್ಣ ಎರಡು ಎಕರೆ ನೀರಾವರಿ ಹೊಲವನ್ನು ನನ್ನ ಹೆಸರಿಗೆ ಬಿಟ್ಟುಕೊಟ್ಟ. ಅದರಲ್ಲಿ ಕಬ್ಬು ಹಚ್ಚಿದೆವು. ಅವನ ಹೊಲ ಮೂಡಲಿಗೆ, ನನ್ನದು ಪಡುವಲಿಗೆ, ನಡುವೆ ಒಂದು ಬದು. ಬದುವಿನ ಆಚೆ ಅವನ ದನದ ಕೊಟ್ಟಿಗೆ. ಕೊಟ್ಟಿಗೆಗೆ ತೊಗರಿ ಕಟ್ಟಿಗೆಯ ಗೋಡೆ, ಮೇಲೆ ಕಬ್ಬಿನ ಗರಿಯ ಚಪ್ಪರ. ಪಕ್ಕದಲ್ಲಿ ಆ ವರ್ಷದ ಜೋಳದ ಮೇವಿನ ಬಣವಿ. ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಬಿಳಿ, ಒಂದು ಕೆಂದ. ಅಣ್ಣನಿಗೆ ಮಕ್ಕಳಿರಲಿಲ್ಲ. ಉಂಡು ಎದ್ದವನು ಮೊದಲು ಹೋಗುತ್ತಿದ್ದದ್ದು ಅವುಗಳ ಹತ್ತಿರ.

ಕಬ್ಬು ಕಡಿದು ಹೋದ ಮೇಲೆ ಹೊಲದ ತುಂಬ ಒಣಗರಿ ಉಳಿಯುತ್ತದೆ. ನಾವು ಅದಕ್ಕೆ ರವದಿ ಎನ್ನುತ್ತೇವೆ. ಮೊಣಕಾಲು ಮುಳುಗುವಷ್ಟು ಇರುತ್ತದೆ, ತುಳಿದರೆ ಹಪ್ಪಳ ಮುರಿದಂತೆ ಸಪ್ಪಳ. ಅದನ್ನು ಸುಟ್ಟು ನೀರು ಬಿಟ್ಟರೆ ಕಡಿದ ಬುಡದ ಕುಳೆ ಬೇಗ ಚಿಗುರುತ್ತದೆ ಎಂದು ಎಲ್ಲರೂ ಸುಡುತ್ತಾರೆ. ಸುಡುವುದಕ್ಕೆ ಅಣ್ಣ ಒಂದು ಕ್ರಮ ಇಟ್ಟುಕೊಂಡಿದ್ದ. ಮೊದಲು ಹೊಲದ ಸುತ್ತ ನಾಲ್ಕು ಮಾರು ಅಗಲ ರವದಿ ಎಳೆದು ಹಾಕಿ, ಎತ್ತು ಹೂಡಿ ಕುಂಟೆ ಹೊಡೆದು ಬರಿ ಮಣ್ಣು ಮಾಡುತ್ತಿದ್ದ. ಬೆಂಕಿ ಆ ಮಣ್ಣನ್ನು ದಾಟುವುದಿಲ್ಲ. ಆಮೇಲೆ ನಸುಕಿನಲ್ಲಿ, ಗರಿ ಇನ್ನೂ ಇಬ್ಬನಿಗೆ ಮೆತ್ತಗಿರುವಾಗ, ಗಾಳಿ ಹೋಗುವ ದಿಕ್ಕಿನ ಅಂಚಿನಿಂದ ಹಚ್ಚುತ್ತಿದ್ದ. ಹಾಗೆ ಹಚ್ಚಿದರೆ ಬೆಂಕಿ ಗಾಳಿಗೆ ಎದುರಾಗಿ ತೆವಳುತ್ತದೆ, ಹಾರುವುದಿಲ್ಲ. ನೆರೆಯ ಹೊಲದವರಿಗೆ ಹಿಂದಿನ ದಿನವೇ ಹೇಳಿರುತ್ತಿದ್ದ.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಅಂದು ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಣ್ಣ ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊಟ್ಟಿಗೆಯ ನೆರಳಿನಲ್ಲಿ ಕಟ್ಟಿ ಮನೆಗೆ ಬಂದಿದ್ದ. ರೊಟ್ಟಿ ತಿನ್ನುತ್ತ ಮೊಬೈಲ್ ನೋಡಿ ಓದಿದ.

"ಮೂರ ದಿನ ಒಣ ಗಾಳಿ ಜೋರ ಬೀಸ್ತದಂತ. ಹೊಲದಾಗ ಬೆಂಕಿ ಹಚ್ಚಬ್ಯಾಡ್ರಿ ಅಂತ ಕಳಿಸ್ಯಾರ ನೋಡು."

"ಇವತ್ತ ಸಂಜಿಗೆ ನಂದು ನೀರಿನ ಪಾಳಿ ಅದ ಅಣ್ಣಾ," ಎಂದೆ. ಬಾವಿ ಒಂದೇ. ಪಾಳಿ ತಪ್ಪಿದರೆ ಮತ್ತೆ ಎಂಟು ದಿನ ಕಾಯಬೇಕಿತ್ತು.

"ಕುಳೆ ಎಂಟ ದಿನದಾಗ ಸಾಯಂಗಿಲ್ಲ. ನಾಳಿಗ ಎತ್ತು ಹೂಡಿ ಸುತ್ತ ಕುಂಟಿ ಹೊಡಿತೇನಿ. ಗಾಳಿ ಇಳದ ಮ್ಯಾಲ ಹಚ್ಚೂಣು."

"ಮಂದಿ ಟ್ರ್ಯಾಕ್ಟರ್‌ಲೆ ಹೊಡಸಾಕತ್ತಾರ. ಅದಕ್ಕ ಸೋಮಾರ ಇಲ್ಲ, ಮಂಗಳಾರ ಇಲ್ಲ."

ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. "ಭಾಳ ಶಾಣ್ಯಾ ಆಗ್ಯಾಳ್ರಿ ನಿಮ್ಮ ತಂಗಿ. ನಾಳಿಗಿ ಎತ್ತು ಮಾರಿ ಟ್ರ್ಯಾಕ್ಟರ್ ತಾ ಅಂತಾಳ, ಆಕಿನ ಡ್ರೈವರ ಆಗ್ತಾಳ."

ಅಣ್ಣನೂ ನಕ್ಕ. "ಬೆಂಕಿ ಅಂದ್ರ ನಿನಗ ತಿಳಿಯಂಗಿಲ್ಲಬೇ. ಸುಮ್ಮ ಕೂಡು."

ಪ್ರೀತಿಯಿಂದಲೇ ಅಂದದ್ದು. ಆದರೆ ನನಗೆ ಚುಚ್ಚಿತು. ಹೆಸರಿಗೆ ನನ್ನ ಹೊಲ. ಬಿತ್ತುವ ದಿನ, ಕಡಿಯುವ ದಿನ, ಗೊಬ್ಬರ, ಎಲ್ಲ ಅವನು ಹೇಳಿದಂತೆ. ಒಂದಾದರೂ ಕೆಲಸ ನಾನೇ ಮಾಡಿ ಮುಗಿಸಿ ತೋರಿಸಬೇಕು ಎಂದು ಅವತ್ತು ಹಟ ಬಂತು.

ಮಧ್ಯಾಹ್ನ ಎತ್ತುಗಳಿಗೆ ನೀರು ಕುಡಿಸುವ ನೆವದಲ್ಲಿ ಹೊಲಕ್ಕೆ ಹೋದೆ. ಹೋಗುವಾಗ ಒಲೆಯ ಮೇಲಿನ ಕಡ್ಡಿಪೆಟ್ಟಿಗೆಯನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ಮುಂಜಾನೆಯೆಲ್ಲ ಬೀಸಿದ್ದ ಗಾಳಿ ಆ ಹೊತ್ತಿಗೆ ನಿಂತಂತೆ ಇತ್ತು. ಬಾವಿಯ ಮೇಲೆ ಒಂದು ಬಲ್ಬ್ ಹಗಲೂ ಹತ್ತಿರುತ್ತದೆ, ಕರೆಂಟ್ ಬಂದದ್ದು ತಿಳಿಯಲಿ ಎಂದು. ಅದು ಆರಿತ್ತು. ಸಂಜೆಯೊಳಗೆ ಬಂದರೆ ಸಾಕು ಎಂದುಕೊಂಡೆ. ಬೇವಿನ ಒಂದು ಹಸಿ ಟೊಂಗೆ ಮುರಿದು ಕೈಯಲ್ಲಿ ಹಿಡಿದು, ನಾನು ನಿಂತಿದ್ದ ಪಡುವಲ ಅಂಚಿನಲ್ಲೇ ಕಡ್ಡಿ ಗೀರಿದೆ.

ಮೊದಲು ಚೆನ್ನಾಗಿಯೇ ಉರಿಯಿತು. ಸಣ್ಣ ಉರಿ, ಬಿಳಿ ಹೊಗೆ. ನನಗೆ ಖುಷಿಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಪಡುವಲಿಂದ ಗಾಳಿ ಒಮ್ಮೆಲೇ ಬಂತು. ಬೆನ್ನಿಗೆ ಯಾರೋ ತಳ್ಳಿದಂತಾಯಿತು. ಉರಿ ನನ್ನೆತ್ತರ ಎದ್ದು ಮೂಡಲಿಗೆ ಬಾಗಿ ಓಡಿತು. ಹತ್ತಿದ ಗರಿಗಳು ಮೇಲೆದ್ದು ಬದು ದಾಟಿದವು. ಒಂದು ಗರಿ ಬಣವಿಯ ನೆತ್ತಿಯ ಮೇಲೆ ಇಳಿಯಿತು. ಅದು ಇಳಿದದ್ದನ್ನು ನಾನು ನೋಡಿದೆ.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ, ಓಡಿಹೋಗಿ ಎತ್ತು ಬಿಚ್ಚುವುದು. ಹೊತ್ತು ಇತ್ತು. ನಾನು ಬಾವಿಯ ಕಡೆ ಓಡಿದೆ, ನೀರಿಗಲ್ಲ. ಸೆರಗಿನ ಗಂಟು ಬಿಚ್ಚಿ ಕಡ್ಡಿಪೆಟ್ಟಿಗೆಯನ್ನು ಬಾವಿಯೊಳಗೆ ಒಗೆದೆ. ಆಮೇಲೆ ಕೂಗುತ್ತ ಊರ ಕಡೆ ಓಡಿದೆ.

ಹೊಗೆ ಕಂಡು ಅಣ್ಣ ಎದುರಿಗೇ ಓಡಿ ಬರುತ್ತಿದ್ದ, ಕಾಲಿಗೆ ಚಪ್ಪಲಿಯಿಲ್ಲದೆ. ನನ್ನನ್ನು ದಾಟಿ ಹೋದ. ನಾನು ತಿರುಗಿ ಬರುವಷ್ಟರಲ್ಲಿ ಬಿಳಿ ಎತ್ತು ಹೊರಗೆ ಬಂದಿತ್ತು. ಅಣ್ಣ ಕೆಂದೆತ್ತಿಗಾಗಿ ಮತ್ತೆ ಒಳಗೆ ಹೋಗಿದ್ದ. ಈಗಿನ ಹಗ್ಗಗಳೆಲ್ಲ ಪ್ಲಾಸ್ಟಿಕ್ ನೂಲಿನವು. ಗಂಟು ಕರಗಿ ಬಿಗಿದುಕೊಂಡಿತ್ತು. ಅವನು ಎಡಗೈಗೆ ಸುತ್ತಿಕೊಂಡು ಎಳೆದ. ಕರಗಿದ ಹಗ್ಗ ಅಂಗೈಗೆ ಅಂಟಿಕೊಂಡಿತು. ಚಪ್ಪರ ಕುಸಿಯುವಾಗ ಮಂದಿ ಅವನ ಸೊಂಟ ಹಿಡಿದು ಹೊರಗೆ ಎಳೆದರು. ಕೆಂದೆತ್ತಿನ ಕೂಗು ಸ್ವಲ್ಪ ಹೊತ್ತು ಕೇಳಿತು. ಬೇರೆ ದಿನವಾಗಿದ್ದರೆ ಅದು ನೊಗದ ಕೆಳಗೆ, ಬಯಲಿನಲ್ಲಿ ಇರುತ್ತಿತ್ತು.

ಕೊಟ್ಟಿಗೆಯ ಮೇಲೆಯೇ ಕರೆಂಟಿನ ತಂತಿಗಳು ಜೋತು ಬಿದ್ದಿದ್ದವು. ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವುದನ್ನು ಎಷ್ಟೋ ಸಲ ಎಲ್ಲರೂ ನೋಡಿದ್ದರು. ಯಾರೋ ಕೈ ಮಾಡಿ ತಂತಿ ತೋರಿಸಿದರು. ಅಷ್ಟೇ ಸಾಕಾಯಿತು. ಅಣ್ಣನನ್ನು ಕಲಬುರಗಿಯ ದವಾಖಾನೆಗೆ ಜೀಪಿನಲ್ಲಿ ಹಾಕಿ ಕಳಿಸಿದ ಮೇಲೆ ಲೈನ್‌ಮನ್ ಮೋಟರ್‌ಸೈಕಲ್ ಮೇಲೆ ಬಂದ. ಖಜೂರಿಯ ಕಡೆಯವನು, ಮೂವತ್ತರ ಆಸುಪಾಸಿನವನು. ಎಷ್ಟೋ ಸಲ ನಮ್ಮ ಮನೆಯಲ್ಲಿ ಉಂಡವನು. ಮಂದಿ ಅವನ ಕೊರಳಪಟ್ಟಿಗೆ ಕೈ ಹಾಕಿದರು.

"ಹತ್ತ ಸಲ ಹೇಳೇವಲೇ, ತಂತಿ ಬಿಗಿ ಅಂತ. ಈಗ ಬಾಯಾಗ ಮಣ್ಣ ಹಾಕಿದಿ."

"ಲೈನ್ ಬಂದ್ ಇತ್ತರಿ," ಎಂದ ಅವನು. "ಗಾಳಿ ಜೋರ ಐತಂತ ಮುಂಜಾನಿನ ನಾನ ಬಂದ್ ಮಾಡೇನಿ. ಬಂದ್ ತಂತ್ಯಾಗ ಕಿಡಿ ಎಲ್ಲಿಂದ ಬರ್ತದರಿ?"

"ಸುಳ್ಳ ಹೇಳ್ತಿ ಮತ್ತ."

ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ನೀವ ಇಲ್ಲೇ ಇದ್ದಿರಿ. ಬಾವಿ ಮ್ಯಾಗಿನ ಬಲ್ಬ್ ಹತ್ತಿತ್ತೇನ್ರಿ? ನೀವರ ಹೇಳ್ರಿ."

"ನಾ ನೋಡಿಲ್ಲ," ಎಂದೆ.

ಅವನನ್ನು ಹೊಡೆದರು. ಹೆಚ್ಚಲ್ಲ, ಆದರೆ ಎಲ್ಲರ ಮುಂದೆ. ತಿಂಗಳೊಳಗೆ ಅವನನ್ನು ನಮ್ಮ ಕಡೆಯಿಂದ ಬೇರೆ ಕಡೆ ಹಾಕಿದರು ಎಂದು ಕೇಳಿದೆ.

ಅಣ್ಣ ಒಂದೂವರೆ ತಿಂಗಳ ಮೇಲೆ ಮನೆಗೆ ಬಂದ. ಬಲಗೈ ಸುಧಾರಿಸಿತು. ಎಡಗೈ ಸುಧಾರಿಸಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡವು, ಅಂಗೈ ಬಿಚ್ಚುತ್ತಿರಲಿಲ್ಲ. ಕುಂಟೆ ಹಿಡಿಯುವುದು ಹೋಯಿತು. ಬಿಳಿ ಎತ್ತನ್ನು ಒಂಟಿಯಾಗಿ ಇಟ್ಟುಕೊಂಡು ಏನು ಮಾಡುವುದೆಂದು ಜೇವರ್ಗಿಯ ಸಂಬಂಧಿಕರಿಗೆ ಕೊಟ್ಟ. ಅದನ್ನು ಗಾಡಿ ಹತ್ತಿಸುವಾಗ ಅವನು ಮನೆಯೊಳಗೆ ಇದ್ದ.

ಎಲ್ಲಕ್ಕಿಂತ ಅವನನ್ನು ಕಾಡಿದ್ದು ಪೂಜೆ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ನೋಡುತ್ತ ಕೂಡುವುದು ಅವನು ಹುಡುಗನಾಗಿದ್ದಾಗಿನಿಂದ ತಪ್ಪಿಸದ ನೇಮ. ಮಡಚಿದ ಅಂಗೈಯಲ್ಲಿ ಲಿಂಗ ನಿಲ್ಲುತ್ತಿರಲಿಲ್ಲ, ವಾಲುತ್ತಿತ್ತು. ಮುಂಜಾನೆ ವೈನಿ ಹಿತ್ತಲಲ್ಲಿ ಎಮ್ಮೆಯ ಹಾಲು ಹಿಂಡುತ್ತಿರುವುದರಿಂದ ನಾನು ಸ್ನಾನ ಮಾಡಿ ಬಂದು, ಅವನ ಕೈಯ ಕೆಳಗೆ ನನ್ನ ಎರಡೂ ಕೈ ಕೊಟ್ಟು, ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹಿಡಿಯುತ್ತಿದ್ದೆ. ಅವನ ಅಂಗೈಯ ಬಿರುಸು ಚರ್ಮ ದಿನಾ ನನ್ನ ಬೆರಳಿಗೆ ಸಿಗುತ್ತಿತ್ತು.

ಯಾರಿಗೂ ಕೆಟ್ಟದ್ದು ಅನ್ನದ ಮನುಷ್ಯ ಅವನು. ಪೂಜೆಯ ಕೊನೆಗೆ, ಲಿಂಗ ಇನ್ನೂ ಕೈಯಲ್ಲಿ ಇರುವಾಗ, ಒಂದು ದಿನ ಅಂದ: "ಆ ಲೈನ್‌ಮನ್‌ನ ಕೈನೂ ಹಿಂಗ ಆಗ್ಲಿ." ಆಮೇಲೆ ಅದು ದಿನದ ಮಾತಾಯಿತು. ಮಂತ್ರದ ಹಿಂದೆಯೇ ಬರುತ್ತಿತ್ತು. ನಾನು ಕೈ ಹಿಡಿದುಕೊಂಡು ಕೇಳುತ್ತಿದ್ದೆ. ಒಂದು ಬೇಸಿಗೆ, ಮಳೆಗಾಲ, ಚಳಿ, ಎಲ್ಲ ಹಾಗೇ ಹೋಯಿತು.

ಮತ್ತೆ ಗಾಳಿಯ ದಿನಗಳು ಬಂದವು. ಲೈನ್‌ಮನ್‌ನಿಗೆ ಗಂಡು ಮಗು ಹುಟ್ಟಿದೆ ಎಂದು ಯಾರೋ ಹೇಳಿದ್ದರು. ಮರುದಿನ ಮುಂಜಾನೆ ಅಣ್ಣ ಲಿಂಗವನ್ನು ನೋಡುತ್ತಲೇ ಅಂದ, "ಆ ಕೂಸಿನ ಕೈನೂ..."

"ಅಣ್ಣಾ, ಬೆಂಕಿ ನಾ ಹಚ್ಚೇನಿ," ಎಂದೆ.

ಅವನು ಕೈ ಅಲುಗಿಸಲಿಲ್ಲ.

"ಏನಂದಿ?"

"ರವದಿಗಿ ನಾನ ಕಡ್ಡಿ ಕೊರದೇನಿ. ಪಡುವಲ ಕಡಿಂದ. ಗಾಳಿ ನಿಂತದ ಅಂತ ತಿಳಕೊಂಡೆ."

"ಕರೆಂಟ?"

"ಇದ್ದಿಲ್ಲ. ಬಲ್ಬ್ ಆರಿತ್ತು."

"ನೀ ನೋಡಿದ್ದಿ?"

"ನೋಡಿದ್ದೆ."

ಅವನು ಬಲಗೈಯಿಂದ ಲಿಂಗ ಎತ್ತಿ ಕಣ್ಣಿಗೆ ಒತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಕಟ್ಟಿಕೊಂಡ. ಒಂದೇ ಕೈಯಲ್ಲಿ ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ನಾನು ಕೈ ಮುಂದೆ ಮಾಡಿದೆ, ಅವನು ಮಗ್ಗಲಿಗೆ ತಿರುಗಿದ.

"ಕೈ ಸುಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ," ಎಂದ. "ಎತ್ತು ಹೋಗಿದ್ದಕ್ಕೂ ಅನ್ನಂಗಿಲ್ಲ. ಗಾಳಿ ಯಾರ ಮಾತು ಕೇಳ್ತದ. ಆದ್ರ ನಾ ಲಿಂಗ ಹಿಡಕೊಂಡು ಆ ಮನಶ್ಯಾಗ ದಿನಾ ಶಾಪ ಹಾಕಿದೆ. ನೀ ನನ್ನ ಕೈ ಹಿಡಕೊಂಡು ಕೇಳಕೋತ ಕುಂತಿ."

ವೈನಿ ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನ್ ಮಾಡಿದಿಬೇ ತಂಗಿ," ಎಂದಳು, ಅಷ್ಟೇ.

ಮರುದಿನ ಅಣ್ಣ ಖಜೂರಿಗೆ ಹೊರಟ. ನನಗೂ ಬಾ ಎಂದ. ಅಫಜಲಪುರದಲ್ಲಿ ಒಂದು, ಆಳಂದದಲ್ಲಿ ಒಂದು ಬಸ್ ಬದಲಿಸಿದೆವು. ಮೂರರಲ್ಲೂ ಅವನು ಮುಂದೆ ಕೂತ, ನಾನು ಹಿಂದೆ. ಕಿಟಕಿಯಿಂದ ಬಿಸಿಗಾಳಿ, ಧೂಳು. ದಾರಿಯ ಪಕ್ಕದ ಒಣಹುಲ್ಲು ಎಲ್ಲೋ ಕರಿಯಾಗಿ ಸುಟ್ಟಿದ್ದರೆ ನಾನು ಮುಖ ತಿರುಗಿಸುತ್ತಿದ್ದೆ.

ಲೈನ್‌ಮನ್ ಮನೆಯಲ್ಲೇ ಇದ್ದ. ನಮ್ಮನ್ನು ನೋಡಿ ಮೊದಲು ಎದ್ದು ಹಿಂದೆ ಸರಿದ. ಹೊಡೆಯಲು ಬಂದಿದ್ದಾರೆ ಎಂದುಕೊಂಡಿರಬೇಕು. ಅಣ್ಣ ಹೊಸ್ತಿಲ ಹೊರಗೇ ನಿಂತು, "ಹೇಳು," ಎಂದ ನನಗೆ. ಹೇಳಿದೆ. ಬಲ್ಬಿನ ಮಾತನ್ನೂ ಹೇಳಿದೆ.

ಅವನು ಒಳಗೆ ತಿರುಗಿ ಹೆಂಡತಿಯನ್ನು ಕರೆದ. "ಏ ಬಾರಬೇ ಇಲ್ಲೆ. ನೀ ನಂಬಿದ್ದಿಲ್ಲಲ್ಲ. ಇವರ ಬಾಯಿಂದನ ಕೇಳು."

ಆಕೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಆಕೆಯ ಮುಂದೆ ಮತ್ತೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಕಷ್ಟವಾಯಿತು, ಯಾಕೆಂದರೆ ಆಕೆ ನನ್ನನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು.

ಅಣ್ಣ ಅವನಿಗೆ ಕೈಮುಗಿದ. ಮಡಚಿದ ಎಡಗೈ ಬಲಗೈಗೆ ಸರಿಯಾಗಿ ಕೂಡಲಿಲ್ಲ. "ದಿನಾ ನಿನಗ ಶಾಪ ಹಾಕೇನಿ. ನಿನ್ನ ಕೂಸಿಗೂ ಅಂದೇನಪ್ಪಾ ನಾ," ಎಂದ. ಲೈನ್‌ಮನ್ ಆ ಕೈ ಹಿಡಿದು ಕೆಳಗಿಳಿಸಿದ. "ಛಾ ಕುಡದ ಹೋಗ್ರಿ ಮಾವಾರ," ಎಂದ. ಒಂದು ಕಪ್ಪು ಅಣ್ಣನಿಗೆ ಬಂತು. ನನಗೂ ಬಂತು, ನನಗೆ ಕುಡಿಯಲಾಗಲಿಲ್ಲ.

ಊರಲ್ಲೂ ಅಣ್ಣನೇ ನಾಲ್ಕು ಮಂದಿಯ ಮುಂದೆ ಹೇಳಿದ, ತಂತಿಯಲ್ಲ ಎಂದು. ಯಾರು ಎಂದು ಕೇಳಿದವರಿಗೆ ನಾನು ಹೇಳಿದೆ. ಆ ವರ್ಷದ ರವದಿಯನ್ನು ಸುಡಲಿಲ್ಲ. ಸಾಲುಗಳ ನಡುವೆ ಹಾಗೇ ಹರವಿ ಬಿಟ್ಟೆವು.

ಖಜೂರಿಯಿಂದ ಬಂದ ಮರುದಿನ ಮುಂಜಾನೆ ನಾನು ಸ್ನಾನ ಮಾಡಿ ಅವನು ಪೂಜೆಗೆ ಕೂಡುವಲ್ಲಿಗೆ ಹೋಗಿ ಕೂತೆ. ಅವನು ವಿಭೂತಿ ಹಚ್ಚಿಕೊಂಡ, ಲಿಂಗ ತೆಗೆದ, ಎಡಗೈಯಲ್ಲಿ ಇಟ್ಟ. ಅದು ವಾಲಿತು. ಬಲಗೈಯಿಂದ ಹಿಡಿದುಕೊಂಡ. ನಾನು ಒಂದು ಮಾರು ದೂರದಲ್ಲಿದ್ದೆ. ನನಗೆ ಎದ್ದು ಹೋಗು ಎನ್ನಲಿಲ್ಲ, ಹತ್ತಿರ ಬಾ ಎಂದೂ ಎನ್ನಲಿಲ್ಲ. ವೈನಿ ಹಾಲು ಹಿಂಡಿ, ಕೈ ತೊಳೆದು ಬಂದು ಅವನ ಕೈಯ ಕೆಳಗೆ ತನ್ನ ಕೈ ಕೊಡುವ ತನಕ ಅವನು ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದ.