ಗಾಳಿ ಇಳಿದಾಗ ಗಂಟೆ ಹೊಡೆಸುವಾಕೆ

ಬೆಳಗಿನ ಐದೂ ಮುಕ್ಕಾಲು. ಸ್ಕಿನೂಲಿ ದ್ವೀಪದ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತೆ ಸ್ತಮಾತಿಯಾ ಕೋಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ನಾಲ್ಕು ದಿನದ ಬಿರುಗಾಳಿ ಈಗಷ್ಟೇ ಇಳಿದಿದೆ. ಬಂದರು ಕಚೇರಿಯಿಂದ ಮೇಲ್ ಬರುತ್ತದೆ: ಹಡಗುಗಳ ಮೇಲಿನ ನಿಷೇಧ ತೆರವಾಗಿದೆ. ಅವರು ಏನನ್ನೂ ಮುಟ್ಟುವುದಿಲ್ಲ. ಆದರೂ ಗುಡ್ಡದ ಮೇಲಿನ ಇಗರ್ಜಿಯ ಗಂಟೆ ಒಂದರ ಹಿಂದೊಂದು ಮೂರು ಸಲ ಹೊಡೆಯುತ್ತದೆ. ಕೆಳಗೆ ಓಣಿಗಳಲ್ಲಿ ಸೂಟ್‌ಕೇಸುಗಳ ಗಾಲಿಗಳು ಗಡಗಡ ಸದ್ದು ಮಾಡುತ್ತವೆ.

ಪಕ್ಕದ ದ್ವೀಪದ ಮರೆಯಲ್ಲಿ ನಿಂತ ಹಡಗು ಇಲ್ಲಿಗೆ ಅರ್ಧ ಗಂಟೆಯ ದಾರಿ. ಬಂದರೆ ಇಪ್ಪತ್ತೇ ನಿಮಿಷ ನಿಲ್ಲುತ್ತದೆ. ಗಾಳಿಗೆ ಮನೆಮನೆಯ ಫೋನು ಸತ್ತುಹೋಗುವ ಊರಿದು; ಕಚೇರಿಗೆ ಮೇಲ್ ಮಾತ್ರ ಬರುತ್ತದೆ. ಮೊದಲು ಸ್ತಮಾತಿಯಾ ರಾತ್ರಿಹಗಲು ಮೇಲ್ ಕಾಯುತ್ತಿದ್ದರು, ಬಂದೊಡನೆ ಗುಡ್ಡ ಹತ್ತಿ ಓಡಿ ಗಂಟೆ ಹೊಡೆಯುತ್ತಿದ್ದರು. ಆರು ವರ್ಷದ ಹಿಂದೆ ತಾವೇ ಕಲಿತು ಇಪ್ಪತ್ತಾರು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದರು. ಆ ಮೇಲ್ ಬಂದ ಕೂಡಲೇ ಅದು ತಾನಾಗಿ ಓಡಿ ಗಂಟೆಯ ಮೋಟರು ತಿರುಗಿಸುತ್ತದೆ.

ಬರೆದದ್ದು ಊರಿಗಾಗಿ ಎಂದು ಎಲ್ಲರೂ ನಂಬಿದ್ದಾರೆ. "ಸುಳ್ಳು," ಎಂದು ನಗುತ್ತಾರೆ ಸ್ತಮಾತಿಯಾ. "ಕೆಳಗೆ ಹಡಗು ನಿಲ್ಲೋ ಧಕ್ಕೆಗೆ ಹೋಗೋ ಆಸೆಗೆ ಬರೆದೆ."

ಅವರ ಗಂಡ ಅರ್ಗಿರಿಸ್ ಅದೇ ಹಡಗಿನಲ್ಲಿ ಹಗ್ಗ ಎಸೆಯುವ ಕೆಲಸದವರು. ಹಡಗಲ್ಲೇ ಮಲಗುತ್ತಾರೆ, ತಿಂಗಳಿಗೊಂದು ವಾರ ಮನೆಗೆ. ಹತ್ತೊಂಬತ್ತು ವರ್ಷದಿಂದ ಹಡಗು ಬಂದಾಗಲೆಲ್ಲ ಅವರು ಕಚೇರಿಯ ಕಿಟಕಿಯ ಕಡೆ ಟೋಪಿ ಎತ್ತುತ್ತಾರೆ. "ನಾನೂ ಕೈ ಬೀಸ್ತೀನಿ. ಅವರಿಗೆಲ್ಲಿ ಕಾಣುತ್ತೆ, ಇಷ್ಟೇ ಇಷ್ಟು ಕಿಟಕಿ!"

ಸ್ಕ್ರಿಪ್ಟ್ ಬಂದ ಮೇಲೂ ಸ್ತಮಾತಿಯಾ ಧಕ್ಕೆಗೆ ಇಳಿಯಲಿಲ್ಲ. ಕಾರಣ ಮೊದಲ ವರ್ಷದ ಸಂತ ನಿಕೋಲಾಸನ ಹಬ್ಬ. ನಾವಿಕರ ಸಂತನಲ್ಲವೇ, ಅಕ್ಕಪಕ್ಕದ ದ್ವೀಪದ ಗುಮಾಸ್ತರೆಲ್ಲ ಬಂದರು ಕಚೇರಿಯ ಹಳೆಯ ಮೇಲಿಗೇ ಉತ್ತರ ಒತ್ತಿ ಎಲ್ಲರಿಗೂ ಶುಭಾಶಯ ಕಳಿಸಿದರು. ಪ್ರತಿ ಶುಭಾಶಯದ ಕೆಳಗೂ 'ನಿಷೇಧ ತೆರವು' ಅಂಟಿಕೊಂಡೇ ಬಂತು. ಆಗ ಮೇಲಿಗೊಂದು ಹೊಡೆತ. ಗಂಟೆ ಬಿಟ್ಟು ಬಿಟ್ಟು ಹದಿನೇಳು ಸಲ ಹೊಡೆಯಿತು. ಅರ್ಧ ಊರು ಬಿರುಗಾಳಿಯಲ್ಲಿ ಪೆಟ್ಟಿಗೆ ಹಿಡಿದು ಧಕ್ಕೆಗೆ ಓಡಿತು. ಉಳಿದರ್ಧ ಸಾವಿನ ಗಂಟೆಯೆಂದು ತಿಳಿದು ಕಪ್ಪು ಬಟ್ಟೆ ಉಟ್ಟಿತು. ಪಾದ್ರಿ ಲಿನಾರ್ಡೋಸ್ ಉರಿದುಬಿದ್ದರು: "ಸತ್ತೋರು ಯಾರಮ್ಮ? ಹೆಸರು ಹೇಳು, ಪ್ರಾರ್ಥನೆಯಾದ್ರೂ ಮಾಡ್ತೀನಿ!"

ಸ್ತಮಾತಿಯಾ ಅಂದೇ ಸ್ಕ್ರಿಪ್ಟ್ ತಿದ್ದಿದರು. ಈಗ ಕಳಿಸಿದವರ ವಿಳಾಸ ನೋಡುತ್ತದೆ, ಉತ್ತರಗಳನ್ನು ಬಿಡುತ್ತದೆ, ಒಂದು ಮೇಲಿಗೆ ಒಮ್ಮೆಯೇ ಓಡುತ್ತದೆ. ಅಲ್ಲಿಂದೀಚೆಗೆ ನೂರ ನಲವತ್ತಮೂರು ಸಲ ಹೊಡೆದಿದೆ, ಒಂದೂ ತಪ್ಪಿಲ್ಲ. ಗಾಳಿ ತಿರುಗಿ ಮತ್ತೆ ನಿಷೇಧ ಬಂದರೆ ಜನರನ್ನು ವಾಪಸು ಕರೆಯುವ ಗಂಟೆಯನ್ನೂ ಅದೇ ಹೊಡೆಯುತ್ತದೆ. ಆದರೆ ಅಂದು ಮಳೆಯಲ್ಲಿ ತೊಯ್ದು ನಡುಗುತ್ತಿದ್ದ ಮುದುಕಿಯರ ಮುಖ ಸ್ತಮಾತಿಯಾಗೆ ಮರೆತಿಲ್ಲ. ಹಡಗು ಬಂದು ಹೋಗುವ ತನಕ ಕುರ್ಚಿ ಬಿಡುವುದಿಲ್ಲ.

"ಏನೇ, ಕಾವಿಗೆ ಕೂತ ಕೋಳಿ!" ಬಿಸಿ ಬ್ರೆಡ್ ಹಿಡಿದು ಬಂದ ಬೇಕರಿಯ ಮೋಸ್ಕಾ ಕೆಣಕುತ್ತಾರೆ. "ಮರಿ ಹೊರಗೆ ಬಂದು ಆರು ವರ್ಷ ಆಯ್ತಲ್ಲೇ, ಏಳು ಇನ್ನ."

ಇವತ್ತು ಏಳುತ್ತಾರೆ. ಬಾಗಿಲವರೆಗೂ ಹೋಗುತ್ತಾರೆ. ಮತ್ತೆ ತಿರುಗಿ ಪರದೆ ನೋಡುತ್ತಾರೆ, ಕೂರುತ್ತಾರೆ. ಕೆಳಗೆ ಹಡಗು ಬಂದು ನಿಲ್ಲುತ್ತದೆ, ಟೋಪಿಯೊಂದು ಮೇಲೇಳುತ್ತದೆ. ಸ್ತಮಾತಿಯಾ ಕೈ ಬೀಸುತ್ತಾರೆ.

ಮಾರ್ಚಿಗೆ ಅರ್ಗಿರಿಸ್ ನಿವೃತ್ತರಾಗುತ್ತಾರೆ. ಆಮೇಲೆ ಮನೆಯಲ್ಲೇ ಇರುತ್ತಾರಲ್ಲ ಎಂದರೆ ಸ್ತಮಾತಿಯಾ ಅಲ್ಲವೆಂಬಂತೆ ತಲೆಯಾಡಿಸುತ್ತಾರೆ. "ಮನೇಲಿ ಕೂತ ಗಂಡನ್ನ ನೋಡೋಕೆ ಯಾರಾದ್ರೂ ಓಡ್ತಾರಾ?"

ಹಡಗು ಕೊಲ್ಲಿ ದಾಟಿದ ಮೇಲೆ ಮೆಲ್ಲಗೆ ಹೇಳುತ್ತಾರೆ: "ಊರಿಗೆಲ್ಲ ಗಾಳಿ ನಿಲ್ಲಲಿ ಅಂತಾಸೆ. ನಂಗೆ ಮಾರ್ಚಿಗೆ ಮುಂಚೆ ಇನ್ನೊಂದೇ ಒಂದು ಬಿರುಗಾಳಿ ಬೇಕು. ಅದು ಇಳಿದಾಗ ನಾನು ಕೆಳಗೆ ಮೋಸ್ಕಾ ಅಂಗಡೀಲಿರಬೇಕು. ಗಂಟೆ ಕೇಳಿ ಎಲ್ಲರ ಹಾಗೆ ಬೆಚ್ಚಿಬಿದ್ದು ಎದ್ದು ಧಕ್ಕೆಗೆ ಓಡ್ಬೇಕು."